ಪಿನ್ನಿನ ಡಬ್ಬ

ಆದೇಶ ಪತ್ರದಲ್ಲಿ ನನ್ನ ಕೆಲಸಕ್ಕೆ ಉದ್ದನೆಯ ಹೆಸರಿದೆ:
ದಾಖಲೆ ಪೂರ್ವಸಿದ್ಧತಾ ಸಹಾಯಕಿ.
ಅಂದರೆ, ಪಿನ್ನು ಕೀಳುವುದು.

ಮಂಡ್ಯದ ತಾಲ್ಲೂಕು ಕಚೇರಿಯ ಹಿಂದಿನ ರೂಮು,
ಒಂದೇ ಕಿಟಕಿ, ಅದಕ್ಕೂ ಬೀರು ಅಡ್ಡ.
ಸ್ಕ್ಯಾನ್ ಮಷೀನಿಗೆ ಕಬ್ಬಿಣ ಒಗ್ಗುವುದಿಲ್ಲವಂತೆ,
ಆದ್ದರಿಂದ ನಾನು.
ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು,
ತುಕ್ಕು ಹಿಡಿದು ಕಾಗದದಲ್ಲೇ ಬೇರು ಬಿಟ್ಟ ಪಿನ್ನು,
ಪಿನ್ನು ಮುಗಿದ ದಿನ ಯಾವನೋ ಗುಮಾಸ್ತ
ಚುಚ್ಚಿಟ್ಟ ಜಾಲಿಮುಳ್ಳು.
ಮುಳ್ಳು ಸಿಕ್ಕ ದಿನ ಸ್ವಲ್ಪ ಖುಷಿ.

ಮೊದಲ ವಾರವೇ ಅಂದುಬಿಟ್ಟೆ,
"ಥೂ, ಇದೊಳ್ಳೆ ಕತ್ತೆ ಚಾಕರಿ."
ಎದುರಿಗೆ ಕೂತು ಕಟ್ಟಿನ ದಾರ ಬಿಚ್ಚುತ್ತಿದ್ದ ಸಣ್ಣತಾಯಮ್ಮ
ತಲೆ ಎತ್ತಲಿಲ್ಲ.
"ಕತ್ತೆ ಕಂಡಿದ್ದೀಯೇನವ್ವ ನೀನು?"

ಕಂಡಿದ್ದೆ, ಬಸ್ಸಿನಿಂದ, ಒಂದೆರಡು ಸಲ.

"ನಮ್ಮಪ್ಪನತ್ರ ಎರಡಿದ್ದೋ.
ಒಂದಕ್ಕೆ ಎಸ್ರಿಲ್ಲ, ಇನ್ನೊಂದು ಅಮಲ್ದಾರ.
ಬೆಳಗಾಗೋಕ್ ಮುಂಚೆ ಮೈಲಿಗೆ ಗಂಟು ಒತ್ಕಂಡು
ನಾಲೆಗೆ ಓಗೋವು. ಸಂಜೆಗಂಟ
ಮುಂಗಾಲು ಕಟ್ಟುಸ್ಕಂಡು ಏರಿ ಮೇಲೆ ಮೇಯೋವು.
ಕಲ್ಲಿಗೆ ಕುಕ್ಕೋರು ನಾವು. ಉಬ್ಬೆ ಬೇಯ್ಸೋರು ನಾವು.
ಸೌಳು ತಿಂದು ಬೆರಳ ಸಂದಿ ಬುಟ್ಕಂಡಿದ್ದು ನಮ್ಮವ್ವಂದು.
ಅವು ಓಗೋವಾಗ ಒಂದಪ ಒರೋದು, ಬರೋವಾಗ ಒಂದಪ.
ಮದ್ಯದಲ್ಲಿ ಬೂದಿಗುಂಡೀಲಿ ಬಿದ್ದು ಒರಳಾಡಿ
ನಾಕು ಕಾಲೂ ಮೇಲಕ್ಕೆತ್ತಿ ನಗೋವು.
ಚಾಕ್ರಿ ನಮ್ದು, ಎಸ್ರು ಮಾತ್ರ ಅವುರ್ದು."

ಅವತ್ತಿನಿಂದ ಆ ಮಾತು ಎಲ್ಲಿ ಬಿದ್ದರೂ ನನ್ನ ಕಿವಿ ನಿಮಿರುತ್ತದೆ.
ಶಿರಸ್ತೇದಾರರು ಅನ್ನುತ್ತಾರೆ,
ಫ್ಯಾನಿನಡಿ ಏಳು ರುಜು ಹಾಕಿ, ಪೆನ್ನಿನ ಮುಚ್ಚಳ ತಿರುಗಿಸುತ್ತ.
ಜೀಪಿನ ಕರಿಯಪ್ಪ ಅನ್ನುತ್ತಾನೆ,
ಸಾಹೇಬರ ಮಗಳನ್ನು ಟ್ಯೂಷನ್ನಿಗೆ ಬಿಟ್ಟು ಬಂದು, ಸೀಟು ಹಿಂದಕ್ಕೆ ಮಡಿಸಿ.
ನನ್ನ ಗಂಡ ಅನ್ನುತ್ತಾನೆ, ಆಲೆಮನೆಯಿಂದ ಬಂದು,
ಕೊಪ್ಪರಿಗೆಯ ಹಬೆ ಇನ್ನೂ ಹುಬ್ಬಿನಲ್ಲಿ ಅಂಟಂಟು.
ಅವನಂದರೆ ನಾನು ತಕರಾರು ತೆಗೆಯುವುದಿಲ್ಲ.
ಅತ್ತೆ ಮಾತ್ರ ಅಂದದ್ದೇ ಇಲ್ಲ.
ಕೆಲಸ ಅಂತಲೂ ಅನ್ನುವುದಿಲ್ಲ ಅವಳು.
"ಒಳಗೆ ಒಸಿ ಐತೆ" ಅಂತ ಎದ್ದು ಹೋಗುತ್ತಾಳೆ.
ಆ ಒಸಿ ನಲವತ್ತು ವರ್ಷದಿಂದ ಮುಗಿದಿಲ್ಲ.

ದಣಿವಿಗೆ ಬೇರೆ ಮಾತಿದೆ ನಮ್ಮಲ್ಲಿ, ಗೇಯ್ಮೆ.
ಗೇಯ್ದರೆ ಬೆವರಾದರೂ, ಸಂಜೆಗೊಂದು ಗುಡ್ಡೆ ಕಾಣುತ್ತದೆ,
ರಾಗಿಯದೋ, ಕಬ್ಬಿನದೋ.
ಚಾಕರಿಯಲ್ಲಿ ಗುಡ್ಡೆ ಬೀಳುವುದು ಇನ್ಯಾರದೋ ಅಂಗಳದಲ್ಲಿ.
ಹೀಗೆ ಬಿಡಿಸಿ ಹೇಳಿದೆ. ಸಣ್ಣತಾಯಮ್ಮ
"ಊಂ" ಅಂದು ಇನ್ನೊಂದು ಕಟ್ಟು ಎಳೆದಳು.

ಬಿಚ್ಚುವ ಮುಂಚೆ ಊರಿನ ಹೆಸರು ಓದುತ್ತಾಳೆ,
ಬೆರಳಿಟ್ಟು, ಅಕ್ಷರ ಅಕ್ಷರ.
ಯಾಕೆಂದು ಕೇಳಲು ನನಗೆ ಮೂರು ತಿಂಗಳು ಬೇಕಾಯಿತು.

ಅಮಲ್ದಾರ ಒಂದಪ
ಮೈಲಿಗೆ ಅಂಗಿಯ ಜೇಬಿನಲ್ಲಿದ್ದ ಕಂದಾಯದ ರಸೀತಿ ತಿಂದಿತ್ತಂತೆ.
ಅಂಗಿಯವರು ಕಟಕಟೆ ಹತ್ತಿಸಿದರಂತೆ.
ಅಪ್ಪ ಇದೇ ಕಚೇರಿಗೆ ಬಂದು ಹೇಳಿಕೆ ಬರೆಸಿದನಂತೆ,
ನನ್ನ ಕತ್ತೆ ತಿಂದದ್ದು ನಿಜ.
ಕೆಳಗೆ ಹೆಬ್ಬೆಟ್ಟು.

ಅಪ್ಪನದೊಂದು ಫೋಟೊ ಇಲ್ಲ ಮನೆಯಲ್ಲಿ.
ಹೆಬ್ಬೆಟ್ಟು ಈ ರೂಮಿನಲ್ಲೇ ಎಲ್ಲೋ ಇದೆ.

ಮೊನ್ನೆ ಪಿನ್ನಿನ ಡಬ್ಬ ತುಂಬಿತು.
ಗುಜರಿಯವನು ತೂಗಿ ಇಪ್ಪತ್ತೆಂಟು ರೂಪಾಯಿ ಕೊಟ್ಟ.
ಎರಡು ಟೀ, ಒಂದು ಬನ್ನು, ಮುರಿದು ಅರ್ಧರ್ಧ.
ಗಾಳಿ ಸಕ್ಕರೆ ಫ್ಯಾಕ್ಟರಿ ಕಡೆಯಿಂದ ಬೀಸುತ್ತಿತ್ತು,
ಬರೀ ಟೀಗೂ ಕಾಕಂಬಿಯ ವಾಸನೆ.

ವಾಪಸ್ಸು ಬಂದು ಅವಳು ಮೇಲಿನ ಕಟ್ಟು ಇಳಿಸಿದಳು,
ಧೂಳು ಒರೆಸಿ ಊರಿನ ಹೆಸರು ಓದಿದಳು,
ಅಲ್ಲ ಅಂತ ತಲೆಯಾಡಿಸಿ
ದಾರ ಬಿಚ್ಚಿದಳು.